ಹೊಗೆಯಾದ ಮುಖ

ಮೊನ್ನೆ ಸೊಸೆ ಅಡುಗೆಮನೆಯಲ್ಲಿ ವಿನೆಗರ್ ಬಾಟಲಿಯ ಮುಚ್ಚಳ ತೆಗೆದಳು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎದೆ ಧಸಕ್ಕೆಂದಿತು. ಅರವತ್ತು ವರ್ಷದ ಹಿಂದಿನ ಹೆದರಿಕೆ, ಇನ್ನೂ ಹೋಗಿಲ್ಲ ನೋಡಿ. ಅದು ಪಕ್ಕದ ಮನೆಯ ಕಾಕಾನ ಕೈಯ ವಾಸನೆ...

ದಾಂಡೇಲಿಯ ಕಾಗದದ ಮಿಲ್ ಕ್ವಾರ್ಟರ್ಸಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಕಾಕಾ ಹೆಸರಿಗೆ ಕಾರಕೂನ. ಜೀವವೆಲ್ಲ ಮೂರು ಕಾಲಿನ ಮೇಲೆ ನಿಲ್ಲುವ ದೊಡ್ಡದೊಂದು ಕಟ್ಟಿಗೆಯ ಕ್ಯಾಮೆರಾದ ಮೇಲೆ. ರವಿವಾರ ಬಂತೆಂದರೆ ಅದನ್ನು ಹೊತ್ತು ಜೊಯಿಡಾ, ಸೂಪಾ ಎಂದು ಹೊರಟೇಬಿಡುವರು. “ನಿಮ್ಮ ಲಗ್ನ ನನ್ನ ಕೂಡ ಆಗೈತೋ, ಆ ಪೆಟಗಿ ಕೂಡೋ?” ಎಂದು ಕಾಕು ರೇಗುವರು.

ಪ್ರತಿ ಯುಗಾದಿಗೆ ಓಣಿಯ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ, “ಅಳ್ಳಾಡಬ್ಯಾಡ್ರಿ!” ಎಂದು ಗದರಿಸಿ, ಕ್ಯಾಮೆರಾದ ಮುಚ್ಚಳ ತೆಗೆದು ಐದು ಎಣಿಸುವರು. ಅಲುಗಾಡಿದವರ ಮುಖ, ಫಿಲ್ಮಿನ ಬದಲು ಅದರೊಳಗೆ ಹಾಕುತ್ತಿದ್ದ ಪಾಟಿಯಷ್ಟು ದೊಡ್ಡ ಗಾಜಿನ ಮೇಲೆ ಮಸುಕಾಗುತ್ತಿತ್ತು. ನನ್ನ ನಾಲ್ಕು ವರ್ಷದ ತಂಗಿಯೋ, ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. “ಈಕಿ ಮಾರಿ ಮತ್ತ ಹೊಗಿ ಆತಲ್ಲೋ ಯಪ್ಪಾ!” ಎಂದು ಕಾಕಾ ಹಣೆ ಬಡಿದುಕೊಳ್ಳುವರು.

ಆ ವರ್ಷ ತಂಗಿ ಗಪ್ಪಂತ ಕುಳಿತಳು. ಶಾಭಾಸ್ ಎಂದು ಬೆನ್ನು ಚಪ್ಪರಿಸಿದೆ. ಮೈ ಬಿಸಿಯಿತ್ತು, ಬಿಸಿಲಿಗೆ ಎಂದುಕೊಂಡೆ... ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಹೊತ್ತು ಮುಳುಗುವ ಮುಂದೆ ಕಾಕಾ ಹಸಿ ಗಾಜು ಹಿಡಿದೇ ಓಡಿ ಬಂದರು. ಕೈಯೆಲ್ಲ ಚಿತ್ರ ತೊಳೆಯುವ ನೀರಿನ ಹುಳಿ ವಾಸನೆ.

“ವೈನಿ, ಸಣ್ಣಾಕಿ ಎಲ್ಲಿ?”

“ಮಲಗ್ಯಾಳ್ರಿ. ಇವತ್ತರೆ ಶಾಣ್ಯಾಕಿ ಆಗ್ಯಾಳ,” ಎಂದು ಅವ್ವ ನಕ್ಕಳು.

“ನಗಬ್ಯಾಡ್ರಿ! ಗಾಜಿನ್ಯಾಗ ಆಕಿ ರೆಪ್ಪಿ ಸೈತ ಎಣಸಬಹುದು. ಆ ಹುಡುಗಿ ಹಿಂಗ ಕುಂದ್ರಾಕಿ ಅಲ್ಲ. ಎಬ್ಬಸ್ರಿ ಮೊದಲ!”

ಎಬ್ಬಿಸಿದರೆ ಏಳಲಿಲ್ಲ. ಕಣ್ಣು ಅರೆ ತೆರೆದಿದ್ದವು, ನೋಟವಿರಲಿಲ್ಲ. ಅವ್ವ ಕಿರುಚಿದಳು. ಕಾಕಾನ ಕೈಯಿಂದ ಗಾಜು ಬಿದ್ದು ಒಡೆಯಿತು. ಅವರು ಹೊರಳಿಯೂ ನೋಡಲಿಲ್ಲ. ಬಿದಿರು ಇಳಿಸಿ ಹೊರಟಿದ್ದ ಲಾರಿಗೆ ಅಡ್ಡ ನಿಂತು ನಮ್ಮನ್ನು ಹತ್ತಿಸಿದರು. ಹಳಿಯಾಳದ ದವಾಖಾನೆ ಮುಟ್ಟುವವರೆಗೂ, ಆ ಕಾಡಿನ ದಾರಿಯುದ್ದಕ್ಕೂ, ತಂಗಿಯನ್ನು ಎದೆಗವುಚಿಕೊಂಡು “ಅಳ್ಳಾಡವ್ವಾ, ಅಳ್ಳಾಡು” ಎನ್ನುತ್ತಲೇ ಇದ್ದರು. ನಾನು ಅವರಿಗೆ ಅಂಟಿ ಕುಳಿತಿದ್ದೆ. ಹೆದರಿಕೆಗೆ ಅಳುವೂ ಬರಲೊಲ್ಲದು.

ಮಲೇರಿಯಾ ಮೆದುಳಿಗೇರಿತ್ತಂತೆ. “ಇನ್ನೊಂದು ತಾಸು ತಡಾ ಆಗಿದ್ರ...” ಎಂದರು ಡಾಕ್ಟರು.

ತಂಗಿ ಉಳಿದಳು. ಮುಂದಿನ ಯುಗಾದಿಗೆ ಮುಖ ಮತ್ತೆ ಮಸುಕು. “ಹೊಗಿ ಆತು! ಛಲೋ ಆತು!” ಎಂದು ಕಾಕಾ ಗಾಜು ಎತ್ತಿ ಓಣಿಗೆಲ್ಲ ತೋರಿಸಿದರು.

ಕೈ ನಡುಗುವವರೆಗೂ ಅವರು ಆ ಕ್ಯಾಮೆರಾ ಬಿಡಲಿಲ್ಲ. ತೀರಿಕೊಂಡಾಗ ನಮ್ಮವರ ಪದ್ಧತಿಯಂತೆ ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸಿದ್ದರು. ಎರಡು ಮಕ್ಕಳ ತಾಯಿಯಾಗಿದ್ದ ತಂಗಿ ಅವರ ಮೊಣಕಾಲು ಹಿಡಿದು, “ಕಾಕಾ, ಅಳ್ಳಾಡ್ರೀ...” ಎಂದಳು.

ಮೊನ್ನೆ ಬಾಟಲಿ ಮುಚ್ಚಿಸಿ, ಹುಬ್ಬಳ್ಳಿಯಲ್ಲಿರುವ ತಂಗಿಗೆ ಫೋನು ಹಚ್ಚಿದೆ. ಬಹಳ ಹೊತ್ತು ಎತ್ತಲಿಲ್ಲ. ಮತ್ತೆ ಹಚ್ಚಿದೆ. ಕೊನೆಗೆ “ಏನಕ್ಕಾ?” ಎಂದಳು.

“ಏನಿಲ್ಲ, ಸುಮ್ಮನ,” ಎಂದೆ. ಆಕೆ ಗಪ್ಪಾದರೆ ಓಡಿ ಬಂದು ಹೇಳಲು ಕಾಕಾ ಈಗಿಲ್ಲವಲ್ಲ.