ಎರಡು ಬದಿಗೂ ಒಂದೇ ಸದ್ದು

ಹರಾಜು ಮನೆಗೆ ಬರುವ ಹಳೆಯ ಸಾಮಾನಿನ ಮುಂಭಾಗ ನೋಡುವವರು ನೂರು ಜನ. ಅಡಿಭಾಗ ನೋಡುವವಳು ಒಬ್ಬಳೇ. ಐವತ್ತಮೂರು ದಾಟಿದ್ದರೂ, ಬೀರು ಬಂದರೆ ಸಾಕು, ನೆಲಕ್ಕೆ ರಟ್ಟು ಹಾಸಿ, ಟಾರ್ಚು ಹಿಡಿದು, ಅಂಗಾತ ಮಲಗಿ ಅದರಡಿಗೆ ತೂರಿಬಿಡುತ್ತಿದ್ದಳು. ಹೊರಗೆ ಕಾಣುತ್ತಿದ್ದದ್ದು ಎರಡು ಪಾದ ಮಾತ್ರ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಟಾರ್ಚಕ್ಕ.

"ಮುಖ ಕೊಳ್ಳೋರಿಗೆ, ಬೆನ್ನು ನನಗೆ" ಎನ್ನುತ್ತಿದ್ದಳು.

ಅವಳ ಕೆಲಸ ಹೇಳುವುದಕ್ಕೆ ಸುಲಭ. ಮೇಜು, ಗಡಿಯಾರ, ಹಳೆಯ ಕಾರು, ಏನೇ ಹರಾಜಿಗೆ ಬರಲಿ, ಅದು ಯಾವ ಸ್ಥಿತಿಯಲ್ಲಿದೆ ಎಂದು ಒಂದು ಚೀಟಿ ಬರೆದು ಸಹಿ ಹಾಕಿ ಕಟ್ಟಬೇಕು. ಹುಳು ತಿಂದಿದ್ದರೆ ಹುಳು ತಿಂದಿದೆ, ಕಾಲು ಬದಲಾಗಿದ್ದರೆ ಕಾಲು ಬದಲಾಗಿದೆ. ಆದರೆ ಆ ವ್ಯಾಪಾರದಲ್ಲಿ ಎಲ್ಲ ಹುಳುಕನ್ನೂ ಮುಚ್ಚುವ ಒಂದು ಮಾತಿದೆ: "ವಯಸ್ಸಿಗೆ ತಕ್ಕಂತಿದೆ." ಮುರಿದದ್ದೂ ವಯಸ್ಸಿಗೆ ತಕ್ಕಂತೆ, ಕೊಳೆತದ್ದೂ ವಯಸ್ಸಿಗೆ ತಕ್ಕಂತೆ. ಸುಳ್ಳು ಹೇಳಿದ ಪಾಪ ಬೇಡ, ನಿಜ ಹೇಳಿದ ನಷ್ಟವೂ ಬೇಡ ಎನ್ನುವವರೆಲ್ಲ ಈ ಮಾತಿನ ನೆರಳಲ್ಲಿ ತಣ್ಣಗೆ ಕೂತಿರುತ್ತಾರೆ. ಟಾರ್ಚಕ್ಕ ಇಪ್ಪತ್ತಾರು ವರ್ಷದಲ್ಲಿ ಆ ಮಾತನ್ನು ಕೈಬೆರಳಿನಲ್ಲಿ ಎಣಿಸುವಷ್ಟು ಸಲ ಬರೆದಿರಬಹುದು. ಅದಕ್ಕೇ ಅವಳ ಚೀಟಿಗೆ ಬೆಲೆ.

ಒಂದು ಮಂಗಳವಾರ ತಿಳಿನೀಲಿ ಕಾರೊಂದು ಬಂತು. ಅವಳು ಹುಟ್ಟುವ ಮೊದಲಿನದು. ಬಾಗಿಲು ಹಾಕಿದರೆ ಕಬ್ಬಿಣದ ಪೆಟ್ಟಿಗೆ ಮುಚ್ಚಿದ ಹಾಗೆ ದಪ್ಪನೆಯ ಸದ್ದು. ಅವಳು ತನ್ನ ಅಯಸ್ಕಾಂತ ತೆಗೆದಳು. ಬಣ್ಣಕ್ಕೆ ಗೀರು ಬೀಳಬಾರದೆಂದು ಅದನ್ನು ಒಂದು ಪುಟ್ಟ ಕಾಲುಚೀಲದಲ್ಲಿ ಹಾಕಿಟ್ಟಿದ್ದಳು. ಅವಳ ತಮ್ಮ ಅಂಬೆಗಾಲಿಡುತ್ತಿದ್ದ ಕಾಲದ್ದು ಅದು. ಅಯಸ್ಕಾಂತ ಅಂಟಿದರೆ ಕಬ್ಬಿಣ, ಜಾರಿದರೆ ತುಕ್ಕಿನ ತೂತಿಗೆ ಮೆತ್ತಿದ ಪುಟ್ಟಿ. ಎಲ್ಲ ಕಡೆಯೂ ಅಂಟಿತು. ಆಮೇಲೆ ಅಡಿಗೆ ಹೋಗಿ, ಕಾರಿನ ಉದ್ದಕ್ಕೂ ಎರಡು ಬದಿಗಿರುವ ಕಬ್ಬಿಣದ ತೊಲೆಗಳನ್ನು ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ತಟ್ಟಿದಳು. ಇಡೀ ಕಾರು ನಿಲ್ಲುವುದೇ ಆ ತೊಲೆಗಳ ಮೇಲೆ. ಮುಂದಿನ ಚಕ್ರದ ಹಿಂದೆ ಒಂದು ಪೆಟ್ಟು, ಬಾಗಿಲ ಕೆಳಗೆ ನಡುವಿನಲ್ಲಿ ಒಂದು, ಹಿಂದಿನ ಚಕ್ರಕ್ಕೆ ಗೇಣು ಮೊದಲು ಒಂದು. ಪ್ರತಿ ಬದಿಗೂ ಮೂರೇ ಪೆಟ್ಟು. ಎರಡು ಬದಿಯೂ ಠಣ್ಣೆಂದವು.

"ಅಡಿಭಾಗ ಗಟ್ಟಿ" ಎಂದು ಬರೆದು ಸಹಿ ಹಾಕಿದಳು.

ಗುರುವಾರ ಜನ ಬಂದು ಸಾಮಾನು ನೋಡುವ ದಿನ. ನಿವೃತ್ತ ಮೇಷ್ಟ್ರೊಬ್ಬರು ಆ ಕಾರಿನ ಸುತ್ತ ಮೂರು ಸುತ್ತು ಹಾಕಿದರು. ಜೊತೆಗೆ ಏಳೆಂಟು ವರ್ಷದ ಮೊಮ್ಮಗಳು. ಹಿಂದಿನ ಸೀಟಿನಲ್ಲಿ ಆಗಲೇ ಮನೆ ಮಾಡಿಕೊಂಡಿದ್ದಳು.

"ನಾನು ಓಡಿಸೋಕೆ ಕಲ್ತಿದ್ದು ಇಂಥದ್ರಲ್ಲೇ ಕಣಮ್ಮ. ಗೋಡೆಗೆ ಗುದ್ದಿದ್ದೂ ಇಂಥದ್ರಲ್ಲೇ" ಎಂದು ನಕ್ಕರು ಮೇಷ್ಟ್ರು.

"ಗೋಡೆ ಹೇಗಿದೆ ಸಾರ್?"

"ಗೋಡೆ ಬಿತ್ತು. ಕಾರು ಏನೂ ಆಗಿಲ್ಲದ ಹಾಗೆ ನಿಂತಿತ್ತು." ಚೀಟಿಯನ್ನು ಕನ್ನಡಕಕ್ಕೆ ಹತ್ತಿರ ಹಿಡಿದರು. "ನಂಗೆ ಕಾರಿನ ವಿಷಯ ಏನೂ ತಿಳಿಯಲ್ಲ. ಕೆಳಗಡೆ ನಿಮ್ಮ ಸಹಿ ಇದೆ ನೋಡಿ, ಅಷ್ಟು ಸಾಕು. ಇವಳನ್ನ ದಿನಾ ಶಾಲೆಗೆ ಬಿಡೋದಿದೆ."

ಅವರು ಹೋದ ಮೇಲೆ ಟಾರ್ಚಕ್ಕ ಗಡಿಯಾರದ ಗೋಡೆಯ ಕಡೆ ತಿರುಗಿದಳು. ಒಬ್ಬನೇ ಕುಶಲಕರ್ಮಿ ಮಾಡಿದ ಜೋಡಿ ಗಡಿಯಾರ ಅಲ್ಲಿದ್ದವು, ಅವಳಿಜವಳಿ ಮಕ್ಕಳ ಹಾಗೆ. ಕೀಲಿ ಕೊಟ್ಟು ಕಿವಿ ಹಚ್ಚಿದಳು. ಒಂದು ನೆಟ್ಟಗೆ ಹೆಜ್ಜೆ ಹಾಕುತ್ತಿತ್ತು, ಇನ್ನೊಂದು ಕುಂಟುತ್ತಿತ್ತು. ಅದು ಸಹಜವೇ. ಬಂದ ಮನೆಯಲ್ಲಿ ಒಂದು ಬಿಸಿಲಿನ ಗೋಡೆಯ ಮೇಲಿತ್ತಂತೆ, ಇನ್ನೊಂದು ತಂಪಿನ ಗೋಡೆಯ ಮೇಲೆ. ಜೊತೆಗೆ ಹುಟ್ಟಿದ್ದು ಜೊತೆಗೆ ಸವೆಯುವುದಿಲ್ಲ.

ಕೀಲಿ ಹಿಡಿದ ಕೈ ಅಲ್ಲೇ ನಿಂತಿತು. ಅರವತ್ತು ವರ್ಷ ರಸ್ತೆಯ ಒಂದೇ ಅಂಚಿನಲ್ಲಿ ಓಡಿದ ಕಾರಿಗೆ ಚರಂಡಿಯ ಕಡೆಯ ಬದಿಯನ್ನು ತುಕ್ಕು ಹೆಚ್ಚು ತಿಂದಿರಬೇಕು. ಹಾಗಿದ್ದ ಮೇಲೆ ಎರಡು ಬದಿಗೂ ಒಂದೇ ಸದ್ದು ಬಂದದ್ದು ಹೇಗೆ?

ಮತ್ತೆ ಅಡಿಗೆ ಹೋದಳು. ಈ ಸಲ ತನ್ನ ಮೂರು ಜಾಗ ಬಿಟ್ಟು ನಡುವೆ ತಟ್ಟಿದಳು. ಠಣ್ಣೆನ್ನಲಿಲ್ಲ, ತೊಯ್ದ ರಟ್ಟಿಗೆ ತಟ್ಟಿದ ಹಾಗೆ ಬೊದ್ ಎಂದಿತು. ಕಪ್ಪು ಲೇಪವನ್ನು ಉಗುರಿನಿಂದ ಕೆರೆದಳು. ಕೊಳೆತ ತೊಲೆಯ ಮೇಲೆ ತಗಡಿನ ಹೊದಿಕೆ. ಅವಳು ತಟ್ಟುವ ಆ ಮೂರು ಜಾಗದಲ್ಲಿ ಮಾತ್ರ, ತಗಡಿನ ಹಿಂದೆ ಒಂದೊಂದು ಕಬ್ಬಿಣದ ತುಂಡು ಬೆಸೆದು ಕೂರಿಸಿದ್ದರು. ಪುಟ್ಟಿ ಮೆತ್ತಿರಲಿಲ್ಲ, ಮೆತ್ತಿದ್ದರೆ ಅಯಸ್ಕಾಂತ ಹಿಡಿದುಕೊಡುತ್ತಿತ್ತು. ಇಡೀ ಊರಿಗೆ ಮೋಸ ಮಾಡಲು ಕಟ್ಟಿದ ಕೆಲಸವಲ್ಲ ಅದು. ಒಬ್ಬಳ ಕಿವಿಗೆಂದೇ ಅಳತೆ ತೆಗೆದು ಹೊಲಿದ ಮೋಸ.

ಬೆಸುಗೆಯ ಗೆರೆಯ ಮೇಲೆ ಟಾರ್ಚಿನ ಬೆಳಕು ಬಿಟ್ಟಳು. ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಒರಗಿದ ಅಲೆಗಳು. ಆದರೆ ಎಲ್ಲರ ಅಲೆ ಒರಗುವ ಕಡೆಗಲ್ಲ, ಎದುರು ದಿಕ್ಕಿಗೆ. ಎಡಗೈಯ ಕೆಲಸ. ಅಷ್ಟು ಚೆಂದದ ಎಡಗೈ ಬೆಸುಗೆ ಹಾಕುವವನು ಆ ಊರಿಗೆಲ್ಲ ಒಬ್ಬನೇ. ಎಡಚ. ಅವಳ ತಮ್ಮ.

ಶಾಲೆಯಲ್ಲಿ ಅವನ ಎಡಗೈಗೆ ಕೋಲಿನ ಏಟು ಬಿದ್ದಾಗ ಅವಳಿಗೆ ಹದಿನಾಲ್ಕು. ನೇರ ತರಗತಿಗೆ ನುಗ್ಗಿ, "ಕೈ ಯಾವುದಾದ್ರೇನು ಸಾರ್, ಅಕ್ಷರ ಸರಿ ಇದೆಯಾ ನೋಡಿ" ಎಂದು ಅವನ ಪಾಟಿಯನ್ನು ಎತ್ತಿ ಹಿಡಿದಿದ್ದಳು. ಈಗ ಕಾರಿನಡಿ ಮಲಗಿ ಆ ಕೈಯ ಅಕ್ಷರ ಓದುತ್ತಿದ್ದಳು.

ಊಟದ ಬಿಡುವಿನಲ್ಲಿ ಅವನ ಶೆಡ್ಡಿಗೆ ಹೋದಳು. ಎಡಚ ಮುಖದ ಮೇಲಿನ ಗಾಜು ಸರಿಸಿ, ಅವಳ ಕೈಯಲ್ಲಿದ್ದ ಕರಿ ಲೇಪದ ಚೂರು ನೋಡಿದ.

"ಗೊತ್ತಾಯ್ತಾ?"

"ಏನೋ ಇದು?"

"ಮಂಗಳವಾರ ಗೊತ್ತಾಗ್ಲಿಲ್ಲವಲ್ಲ!" ಅವನ ಮುಖದಲ್ಲಿ ಒಂದು ಗಳಿಗೆ ಹುಡುಗುತನದ ಗೆಲುವು ಮಿಂಚಿತು. ಆಮೇಲೆ ಅವಳ ಮುಖ ನೋಡಿ ಆರಿತು. "ಯಾರು ಹೇಳಿಕೊಟ್ಟಿದ್ದು ಅಂತ ಕೇಳು ಅಕ್ಕ. ನೀನೇ. ಊಟಕ್ಕೆ ಕೂತಾಗೆಲ್ಲ ಅದೇ ಕಥೆ. ಮೂರೇ ಕಡೆ ತಟ್ತೀನಿ, ನಾಲ್ಕನೇದು ದಂಡ, ನನ್ನ ಕಿವಿ ಸುಳ್ಳು ಹೇಳಲ್ಲ. ವರ್ಷಗಟ್ಟಲೆ ಕೇಳಿದೀನಿ."

ಹೌದು, ಹೇಳಿದ್ದಳು. ಹೊರಗಿನವರ ಮುಂದೆ ಬಾಯಿಗೆ ಬೀಗ ಹಾಕಿಕೊಂಡವಳು ಮನೆಯಲ್ಲಿ ಜಂಬ ಕೊಚ್ಚಿಕೊಂಡಿದ್ದಳು.

"ಅದರಲ್ಲಿ ಒಂದು ಮಗು ಶಾಲೆಗೆ ಹೋಗತ್ತೆ ಕಣೋ. ಒಂದು ಹಳ್ಳಕ್ಕೆ ಇಳಿದ್ರೆ ನಡು ಮುರಿಯತ್ತೆ ಅದು."

"ಮಗು ವಿಷಯ ನಂಗೇನು ಗೊತ್ತು? ಕಾರಿನೋನನ್ನ ಕಳಿಸಿದ್ದೇ ನಿಮ್ಮ ಹರಾಜು ಮನೆ ಯಜಮಾನ್ರು. 'ನಿಮ್ಮಕ್ಕನ ಕೈಲಿ ಪಾಸಾಗೋ ಹಾಗೆ ಮಾಡೋಕೆ ಆಗೋದು ನಿನಗೊಬ್ಬನಿಗೇ' ಅಂದ್ರು. ಇನ್ಮೇಲೆ ಹರಾಜಿಗೆ ಬರೋ ಕಾರೆಲ್ಲ ಇಲ್ಲಿಗೇ ಅಂದ್ರು."

ಇದನ್ನು ಕೇಳಿ ಅವಳು ಅಲ್ಲಿದ್ದ ಹಳೆಯ ಟಯರಿನ ಮೇಲೆ ಕೂತುಬಿಟ್ಟಳು. ತನ್ನ ಸಹಿಯನ್ನು ಇಷ್ಟು ದಿನ ಅವಳು ಕಾವಲು ಎಂದುಕೊಂಡಿದ್ದಳು. ಯಜಮಾನರು ಅದನ್ನು ಮೆರುಗೆಣ್ಣೆಯ ಡಬ್ಬಿಯ ಹಾಗೆ ಬಳಸಿದ್ದರು: ಹುಳುಕು ಎಲ್ಲಿದೆಯೋ ಅಲ್ಲಿಗೆ ಒಂದು ಕೈ ಬಳಿ.

ಶುಕ್ರವಾರ ಯಜಮಾನರ ಕೋಣೆಯಲ್ಲಿ ಅವಳು ಹೊಸ ಚೀಟಿ ಇಟ್ಟಳು. ಯಜಮಾನರು ಒಳ್ಳೆಯ ಮಾತಿನವರು. ಕೆಟ್ಟ ಕೆಲಸ ಮಾಡುವವರಿಗೆ ಅದು ತುಂಬ ಬೇಕಾಗುತ್ತದೆ.

"ಕೂತ್ಕೊಳ್ಳಿ ಅಕ್ಕ. ನೋಡಿದವರು ಯಾರು? ನೀವು. ಸಹಿ ಹಾಕಿದವರು? ನೀವು. ಬೆಸುಗೆ ಹಾಕಿದವನು? ನಿಮ್ಮ ತಮ್ಮ. ಇದರಲ್ಲಿ ನಾನು ಎಲ್ಲಿ ಬಂದೆ ಹೇಳಿ?"

"ನೀವೇ ಕಳಿಸಿದ್ದು."

"ಅವನು ಹಾಗಂತ ಹೇಳ್ತಾನೆ. ಜನ ಏನಂತಾರೆ? ಅಕ್ಕ ತಮ್ಮ ಸೇರಿ ಆಟ ಆಡಿದ್ರು ಅಂತಾರೆ. ಯಾಕೆ ಸುಮ್ಮನೆ?" ಅವಳ ಹೊಸ ಚೀಟಿಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡರು. "ಬೇಕಿದ್ರೆ ಹಳೇ ಚೀಟಿಗೆ ವಯಸ್ಸಿಗೆ ತಕ್ಕಂತಿದೆ ಅಂತ ಒಂದು ಸಾಲು ಸೇರಿಸಿ. ನಿಮ್ಮ ಮನಸ್ಸಿಗೂ ಸಮಾಧಾನ."

ಸಂಜೆ ಮನೆಗೆ ಬಂದರೆ ಅಮ್ಮನಿಗೆ ಸುದ್ದಿ ಮುಟ್ಟಿತ್ತು. ಎಡಚ ಫೋನು ಮಾಡಿದ್ದ.

"ಒಡಹುಟ್ಟಿದವನ ಅನ್ನಕ್ಕೆ ಕಲ್ಲು ಹಾಕ್ತೀಯೇನೇ?"

"ಅಮ್ಮ, ಆ ಮಗು..."

"ಯಾರದೋ ಮಗು! ನನ್ನ ಮಗನ ಶೆಡ್ಡಿಗೆ ನಾಳೆಯಿಂದ ಯಾರು ಬರ್ತಾರೆ? ನಿನ್ನನ್ನಾದ್ರೂ ಯಾರು ನಂಬ್ತಾರೆ? ನೀನೇ ಗಟ್ಟಿ ಅಂತ ಬರೆದಿದ್ದೀಯಲ್ಲ!"

ಅಮ್ಮ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದೇ ಕಷ್ಟವಾಗಿತ್ತು. ಬಾಯಿ ಮುಚ್ಚಿಕೊಂಡರೆ ತಮ್ಮ ಉಳಿಯುತ್ತಾನೆ, ಹೆಸರು ಉಳಿಯುತ್ತದೆ, ಅಮ್ಮ ಮಾತಾಡುತ್ತಾಳೆ. ಮೂರು ಲಾಭ. ಎದುರಿಗೆ ಹಿಂದಿನ ಸೀಟಿನಲ್ಲಿ ಮನೆ ಮಾಡಿಕೊಂಡ ಒಂದು ಮಗು, ಅದೂ ಗುರುತಿಲ್ಲದ್ದು.

ಶನಿವಾರ ಬೆಳಿಗ್ಗೆ ಹರಾಜಿಗೆ ಜನ ಸೇರಿದ್ದರು. ಹಳೆಯ ಚೀಟಿ ಕಾರಿನ ಗಾಜಿಗೆ ಹಾಗೇ ತೂಗುತ್ತಿತ್ತು. ಮೇಷ್ಟ್ರು ಮುಂದಿನ ಸಾಲಿನಲ್ಲಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದರು. ಟಾರ್ಚಕ್ಕ ಅವರ ಹತ್ತಿರ ಹೋಗಿ, "ಸಾರ್, ಸ್ವಲ್ಪ ಬಗ್ಗೋಕೆ ಆಗತ್ತಾ?" ಎಂದಳು.

"ಯಾಕಮ್ಮ?"

"ನನ್ನ ಸಹಿ ನಂಬಿದ್ರಲ್ಲ. ಅದರ ಅಡಿಭಾಗ ತೋರಿಸ್ತೀನಿ."

ರಟ್ಟು ಹಾಸಿದಳು. ಮೇಷ್ಟ್ರು ಮಂಡಿ ಹಿಡಿದುಕೊಂಡು ಬಗ್ಗಿದರು. ಮಿಕ್ಕವರು ಕತ್ತು ಚಾಚಿದರು. ಅವಳು ಒಂದು ಕೈಯಲ್ಲಿ ಟಾರ್ಚು ಹಿಡಿದು, ಇನ್ನೊಂದು ಕೈಯಿಂದ ಸ್ಕ್ರೂಡ್ರೈವರಿನ ಮೊನೆಯನ್ನು ತಗಡಿಗೆ ಇಟ್ಟು ಒತ್ತಿದಳು. ಬಲವೇ ಬೇಕಾಗಲಿಲ್ಲ. ಹಿಡಿಯವರೆಗೂ ಒಳಗೆ ಇಳಿಯಿತು. ಹೊರಗೆಳೆದಾಗ ಕೆಂಪು ಪುಡಿ ಸೊರ್ರನೆ ಮೇಷ್ಟ್ರ ಅಂಗಿಯ ತೋಳಿನ ಮೇಲೆ ಸುರಿಯಿತು.

"ಗಟ್ಟಿ ಅಂತ ಬರೆದವಳು ನಾನು" ಎಂದಳು, ಎಲ್ಲರಿಗೂ ಕೇಳುವ ಹಾಗೆ. "ತಪ್ಪು ನನ್ನದು. ಕೆಲಸ ನನ್ನ ತಮ್ಮನದು. ಕಳಿಸಿದವರು ಅಲ್ಲಿ ನಿಂತಿದ್ದಾರೆ."

ಯಜಮಾನರು ನಿಂತೇ ಇದ್ದರು, ನಗುತ್ತಲೇ. ಕಾರನ್ನು ಹರಾಜಿನಿಂದ ತೆಗೆದರು. ಸೋಮವಾರ ಅವಳನ್ನೂ ತೆಗೆದರು.

ಆಮೇಲೆ ಏನಾಯಿತು ಎಂದರೆ, ಇಂಥವರಿಗೆ ಏನಾಗುತ್ತದೋ ಅದೇ ಆಯಿತು. "ಅಕ್ಕ ತಮ್ಮನ ಆಟ" ಎಂಬ ಮಾತು ಓಡಾಡಿತು. ಯಜಮಾನರಿಗೆ ಏನೂ ಆಗಲಿಲ್ಲ. ಮುಂದಿನ ಹರಾಜಿಗೆ ಜನ ಇನ್ನೂ ಹೆಚ್ಚು ಬಂದರು. ಅವಳ ಜಾಗಕ್ಕೆ ಬಂದವನು ಅಂಗಿ ಕೊಳೆಯಾಗದ ಹಾಗೆ ನಿಂತುಕೊಂಡೇ ಚೀಟಿ ಬರೆಯುತ್ತಿದ್ದ, ಪ್ರತಿಯೊಂದೂ ವಯಸ್ಸಿಗೆ ತಕ್ಕಂತೆ. ಎಡಚ ಮನೆಗೆ ಊಟಕ್ಕೆ ಬರುವುದನ್ನೇ ಬಿಟ್ಟ. ಅಮ್ಮ ತಟ್ಟೆ ಇಡುವಾಗ ಈಗಲೂ ಮೂರು ತಟ್ಟೆ ತೆಗೆದು, ಒಂದನ್ನು ಸದ್ದು ಮಾಡಿ ವಾಪಸು ಇಡುತ್ತಿದ್ದಳು. ಟಾರ್ಚಕ್ಕ ಮನೆಮನೆಗೆ ಹೋಗಿ ಹಳೆಯ ಗಡಿಯಾರ ಒರೆಸಿ ಕೀಲಿ ಸರಿಮಾಡುವ ಕೆಲಸ ಹಿಡಿದಳು. ಅಯಸ್ಕಾಂತ ಕಾಲುಚೀಲದಲ್ಲೇ ಇತ್ತು.

ನಾಲ್ಕು ತಿಂಗಳ ಮೇಲೆ ಒಂದು ಮಧ್ಯಾಹ್ನ ಫೋನು ಬಂತು.

"ಅಕ್ಕ." ಎಡಚನ ದನಿ. "ಆ ನೀಲಿ ಕಾರು ಮತ್ತೆ ಬಂದಿದೆ ಕಣೇ. ಬೇರೆ ಊರಿನ ಹರಾಜಿಗೆ ಹೋಗತ್ತಂತೆ. ನೀನು ಮಾಡಿದ ತೂತು ಮುಚ್ಚು ಅಂತಿದ್ದಾರೆ."

ಅವಳು ಕೈಯಲ್ಲಿದ್ದ ಗಡಿಯಾರದ ಕೀಲಿ ಕೆಳಗಿಟ್ಟಳು.

"ಏನ್ ಮಾಡ್ಲಿ?"

ಬೈಯಬೇಕೆಂದು ನಾಲ್ಕು ತಿಂಗಳಿಂದ ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ತಗಡು ಬಿಚ್ಚಿ ನೋಡಿದೆಯಾ?"

"ಇಲ್ಲ."

"ಬಿಚ್ಚು. ಪೂರ್ತಿ. ಬರ್ತೀನಿ."

ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಹೋದಳು. ಶೆಡ್ಡಿನ ಬೀದಿ ತಿರುಗುವಾಗಲೇ ಕಬ್ಬಿಣ ಕತ್ತರಿಸುವ ಚಕ್ರದ ಕಿರುಚಾಟ ಕೇಳಿಸಿತು. ಕತ್ತರಿಸುವ ಸದ್ದೋ, ಹಾಕಿದ ಬೆಸುಗೆಯನ್ನು ನುಣುಪು ಮಾಡುವ ಸದ್ದೋ? ಕಿವಿ ಕತ್ತರಿಸುವುದು ಎಂದಿತು. ಅವಳು ಕಿವಿಯನ್ನು ನಂಬಲಿಲ್ಲ.

ಎಡಚ ತಲೆ ಎತ್ತಲಿಲ್ಲ. ಅವಳು ಬಾಗಿಲ ಬಳಿಯ ರಟ್ಟು ಎಳೆದು ಹಾಸಿ, ಟಾರ್ಚು ಹಚ್ಚಿ, ಅಂಗಾತ ಮಲಗಿ ಕಾರಿನಡಿಗೆ ತೂರಿದಳು. ತೊಲೆ ಇರಬೇಕಾದ ಜಾಗದ ಉದ್ದಕ್ಕೂ ಬೆಳಕು ಬಿಟ್ಟಳು. ತಗಡು ಇರಲಿಲ್ಲ, ಮೂರು ತುಂಡೂ ಇರಲಿಲ್ಲ, ಕೊಳೆತ ತೊಲೆಯೂ ಇರಲಿಲ್ಲ. ಟಾರ್ಚಿನ ಬೆಳಕು ಕಾರಿನ ಬಾಗಿಲು ಕಳಚಿದ್ದ ಸಂದಿನಲ್ಲಿ ತಡೆಯಿಲ್ಲದೆ ಮೇಲಕ್ಕೆ ಹೋಗಿ ಶೆಡ್ಡಿನ ಸೂರಿಗೆ ಬಿತ್ತು.