ಹೊಟ್ಟೆಯ ಮರ್ಯಾದೆ

ಬೆಂಕಿಪೊಟ್ಟಣ ಕಂಡರೆ ಇಂದಿಗೂ ನನ್ನ ಕಿವಿ ಬಿಸಿಯಾಗುತ್ತದೆ. ಬೀಡಿ ಬಿಟ್ಟು ಎಷ್ಟೋ ಕಾಲವಾಯಿತು, ಅದರ ಮೇಲೆ ತಪ್ಪು ಹೊರಿಸುವಂತಿಲ್ಲ. ಇದಕ್ಕೆಲ್ಲ ಕಾರಣ ನನ್ನ ಮಗಳು ರೇವತಿ, ಮತ್ತು ಡಾಕ್ಟರಾಗಬೇಕೆಂದು ಅವಳು ಹಿಡಿದ ದಾರಿ.

ನಾನು ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟು ಗಾರೆ ಕೆಲಸಕ್ಕೆ ಇಳಿದವನು. ನಾನು ತೂಗುಗುಂಡು ಇಳಿಬಿಟ್ಟು ಕಟ್ಟಿದ ಗೋಡೆ ವಾಲಿದ್ದನ್ನು ಯಾರೂ ನೋಡಿಲ್ಲ ಎಂಬ ಸೊಕ್ಕು ನನಗೆ ಚೆನ್ನಾಗಿಯೇ ಇತ್ತು. ಕಾರವಾರದ ಬಸ್ಸು ಶಿರವಾಡ ದಾಟುವಾಗ ನಾನು ಕಟ್ಟಿದ ಮನೆಗಳನ್ನು ಪಕ್ಕದಲ್ಲಿ ಕೂತವನಿಗೆ ತೋರಿಸುತ್ತಿದ್ದೆ, ಅವನು ಕೇಳಲಿ ಬಿಡಲಿ. ಇಂಥ ನನ್ನ ಮಗಳಿಗೆ ಮೆಡಿಕಲ್ ಸೀಟು ಸ್ವಲ್ಪದರಲ್ಲಿ ತಪ್ಪಿಹೋಯಿತು. ಮತ್ತೊಮ್ಮೆ ಪರೀಕ್ಷೆ ಬರೆಯುತ್ತೇನೆ, ಅಷ್ಟರವರೆಗೆ ಬಿಎಸ್ಸಿ ಓದುತ್ತೇನೆ ಎಂದು ಬೆಳಂಬಾರದಿಂದ ಕಾರವಾರದ ಕಾಲೇಜಿಗೆ ಹೋಗಿಬರತೊಡಗಿದಳು. ಡಾಕ್ಟರಾಗುವ ಯೋಗ್ಯತೆ ತನಗಿದೆಯೋ ಇಲ್ಲವೋ ಎಂಬ ಅನುಮಾನ ಅವಳ ಮುಖದಲ್ಲಿ ಕಾಣುತ್ತಿತ್ತು. ಅದನ್ನು ಕಂಡೇ ಇರಬೇಕು, ಅಲ್ಲಿಯ ಮೇಡಂ ಅವಳನ್ನು ಒಂದು ಸಂಶೋಧನೆಗೆ ಸೇರಿಸಿಕೊಂಡರು.

ಸಂಶೋಧನೆ! ಗಾಜಿನ ನಳಿಗೆ, ನೀಲಿ ಹೊಗೆ, ಬಿಳಿ ಕೋಟು ಎಲ್ಲ ನನ್ನ ಕಣ್ಣ ಮುಂದೆ ಬಂದವು. ಚಹಾದಂಗಡಿಯಲ್ಲಿ ಕೂತು ಇಡೀ ಕೇರಿಗೆ ಸಾರಿದೆ.

ಮರುವಾರ ಮಗಳು ಚೀಲದ ತುಂಬ ಖಾಲಿ ಬೆಂಕಿಪೊಟ್ಟಣ ತಂದಳು. ಬರಿಗಾಲಲ್ಲಿ ದುಡಿಯುವವರ ಹೊಟ್ಟೆಯಲ್ಲಿ ಕೊಕ್ಕೆಹುಳ ಇದೆಯೇ ಎಂಬುದು ಅವಳ ಸಂಶೋಧನೆಯ ವಿಷಯವಂತೆ. ಪೊಟ್ಟಣದಲ್ಲಿ ಏನು ತುಂಬಿ ಕೊಡಬೇಕೆಂದು ನಾನು ಬರೆಯುವುದಿಲ್ಲ, ನಿಮಗೆ ತಿಳಿಯಿತು. ಶುರು ನಮ್ಮ ಮನೆಯಿಂದ. "ಅಪ್ಪಾ, ಮನೇಲಿ ಪಾಯಖಾನೆ ಅದೆಯಾ?" ಎಂದು ಪರವೂರಿನವರನ್ನು ಕೇಳುವ ಹಾಗೆ ಕೇಳಿದಳು. ಪ್ರಶ್ನೆ ಎಲ್ಲರಿಗೂ ಒಂದೇ ರೀತಿ ಕೇಳಬೇಕಂತೆ. ಶಿರವಾಡದಲ್ಲಿ ಮನೆಮನೆಗೂ ಬಿಳಿ ಟೈಲಿನ ಪಾಯಖಾನೆ ಕಟ್ಟಿಕೊಟ್ಟ ಮೇಸ್ತ್ರಿ ನಾನು. ನಾವು ಮಾತ್ರ ಇನ್ನೂ ಚೊಂಬು ಹಿಡಿದು ಗೇರುಗುಡ್ಡೆಗೇ ಹೋಗುವವರು. "ಇಲ್ಲ" ಎನ್ನುವಾಗ ನನ್ನ ದನಿ ನನಗೇ ಕೇಳಿಸಲಿಲ್ಲ.

ನಾಚಿಕೆಗೆ ಒಂದು ಗುಣವಿದೆ, ಅದು ಒಳ್ಳೆಯ ಉಪಾಯವನ್ನು ಎಂದೂ ಹೇಳಿಕೊಡುವುದಿಲ್ಲ. ಮನೆಗೆ ನೆಂಟರು ಬರುತ್ತಾರೆಂದರೆ ಅಂಗಳಕ್ಕೆ ಸಗಣಿ ಸಾರಿಸುವ ಜನ ನಾವು. ನೇರ ಹೊಟ್ಟೆಯೊಳಗೇ ಬರುತ್ತಾರೆಂದರೆ ಸುಮ್ಮನಿರುತ್ತೇವೆಯೆ? ಪೊಟ್ಟಣ ಕೊಡಲು ಇನ್ನೂ ಸಮಯವಿತ್ತು. ಅಂಕೋಲೆಗೆ ಹೋಗಿ ಔಷಧದಂಗಡಿಯಲ್ಲಿ ಹುಳದ ಗುಳಿಗೆಯನ್ನು ಪಿಸುಮಾತಿನಲ್ಲಿ ಕೇಳುತ್ತಿದ್ದೆ, ಹಿಂದಿನಿಂದ ಪಕ್ಕದ ಮನೆಯ ಬೀರಣ್ಣ ಬಂದ.

"ಎಂತಾ ಮೇಸ್ತ್ರಿ, ಇತ್ಲಾಗೆ?"

"ತಲೆನೋವು ಮಾರಾಯಾ. ನೀನು?"

"ನಂದೂ ತಲೆಯೇ."

ಅಂಗಡಿಯವನು ನಮ್ಮಿಬ್ಬರ ತಲೆಯನ್ನೂ ನೋಡಿದ. "ಬೆಳಂಬಾರದವ್ರಾ? ನಿಮ್ಮೂರ ತಲೆನೋವಿಗೆ ನನ್ನ ಹುಳದ ಗುಳಿಗೆ ಮುಗೀತಾ ಬಂತಲ್ಲ!" ಎಂದ. ಬಸ್ಸಿನಲ್ಲಿ ನಾನು ಮುಂದೆ ಕೂತೆ, ಬೀರಣ್ಣ ಹಿಂದೆ. ಆ ದಿನ ಶಿರವಾಡದ ಮನೆಗಳ ಸುದ್ದಿ ಯಾರಿಗೂ ಹೇಳಲಿಲ್ಲ, ದಾರಿಯೂ ಬೇರೆಯಿತ್ತೆನ್ನಿ.

ಫಲಿತಾಂಶ ಬಂತು. ಇಡೀ ಕೇರಿಯಲ್ಲಿ ಹುಳದ ಸುಳಿವೇ ಇಲ್ಲ! ರೇವತಿ ಬೆರಗಾದಳು. ಮೇಡಂ ಮಾತ್ರ ಬೆರಗಾಗಲಿಲ್ಲ, ಒಮ್ಮೆ ಅಂಕೋಲೆಯ ಔಷಧದಂಗಡಿಯಲ್ಲಿ ವಿಚಾರಿಸಿ ಬಾ ಎಂದರಂತೆ. ಅಂದು ಸಂಜೆ ಮಗಳು ಬಂದು ಚೀಲವನ್ನೂ ಇಳಿಸದೆ ನನ್ನ ಎದುರು ನಿಂತಳು.

"ನೀನೂ ತಕಂಡ್ಯ ಅಪ್ಪಾ?"

ನಾನು ಗೋಡೆ ನೋಡಿದೆ. ಗೋಡೆ ನೆಟ್ಟಗಿತ್ತು.

"ನಾ ಹೊಟ್ಟೇಲಿದ್ದದ್ದು ಕೇಳಿದ್ದೆ. ನೀವೆಲ್ಲ ಪೊಟ್ಟಣದಲ್ಲಿ ಮರ್ಯಾದಿ ತುಂಬಿ ಕೊಟ್ರಿ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಅಡಿಗೆಮನೆಗೆ ಹೋಗಿ ತಾಯಿಯ ಹತ್ತಿರ ಹೇಳಿದ್ದು ನನಗೂ ಕೇಳಿಸಿತು: "ಸೀಟು ತಪ್ಪಿದ ಮೇಲೆ ಈ ಕೆಲ್ಸ ಒಂದ್ರಿಂದ್ಲೇ ನಂಗೆ ಡಾಕ್ಟ್ರಾಗಬಹುದು ಹೇಳಿ ಧೈರ್ಯ ಬಂದಿತ್ತು, ಆಯಿ."

ಮಳೆಗಾಲದ ಕೆಸರಿನಲ್ಲಿ ಬರಿಗಾಲಿಗೆ ಹುಳ ಮತ್ತೆ ಹತ್ತುತ್ತದೆ, ಅದು ಕಳೆದ ಮೇಲೆ ಮತ್ತೊಮ್ಮೆ ಪೊಟ್ಟಣ ಸಿಕ್ಕರೆ ಮಾತ್ರ ಕೆಲಸ ಉಳಿಯುತ್ತದೆ ಎಂದರಂತೆ ಮೇಡಂ. ಮೊದಲ ಸಲವೇ ಕಷ್ಟಪಟ್ಟು ಕೊಟ್ಟ ಕೇರಿ ಎರಡನೇ ಸಲ ಬಾಗಿಲು ಹಾಕಿಕೊಂಡಿತು. ಕೊನೆಗೆ ನಾನೇ ಅದೇ ಚಹಾದಂಗಡಿಗೆ ಹೋದೆ. "ನಾ ಆವಾಗ ಗುಳಿಗೆ ನುಂಗಿ ಕೊಟ್ಟಿದ್ದೆ. ಈ ಸಲ ಹುಳ ಇದ್ರೆ ಇರ್ಲಿ, ಹಾಗೇ ಕೊಡ್ತೆ" ಎಂದೆ. ಬೀರಣ್ಣ ಚಹಾದ ಲೋಟದೊಳಗೆ ಇಣುಕುತ್ತ, "ಹಂಗಾರೆ ನಂದೂ ತಲೆನೋವಲ್ಲ" ಎಂದ. ಅಂಗಡಿ ನಗೆಯಲ್ಲಿ ಹಾರಿಹೋಯಿತು. ಮರುದಿನದಿಂದ ಪೊಟ್ಟಣಗಳು ಬಂದವು.

ಮುಂದೊಂದು ದಿನ ಮಗಳು ನನ್ನನ್ನು ಕಾಲೇಜಿಗೆ ಕರೆದೊಯ್ದಳು. ಚಪ್ಪಲಿ ಬಾಗಿಲಲ್ಲೇ ಬಿಟ್ಟೆ, ಬಿಡಬೇಕಾಗಿಲ್ಲ ಎಂದರೂ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಮೊದಲು ನನ್ನ ರೆಪ್ಪೆಯ ಕೂದಲೇ ಕಂಡಿತು. ಆಮೇಲೆ ಕೊಕ್ಕೆಹುಳದ ಒಂದು ಮೊಟ್ಟೆ, ತೆಳ್ಳಗೆ, ಸಾಬೂನಿನ ಗುಳ್ಳೆಯ ಹಾಗೆ ನಿರ್ಮಲ. ಇಷ್ಟು ಚೆಂದದ ವಸ್ತುವಿಗಾಗಿಯೇ ನಾವು ಇಷ್ಟೊಂದು ಅವಿತುಕೊಂಡದ್ದು?

"ಇದು ಯಾರ ಮನೇದು?" ಎಂದು ಮೆಲ್ಲಗೆ ಕೇಳಿದೆ.

"ಹೆಸರು ನಾವು ಬರೆಯೂದೇ ಇಲ್ಲ, ಬರೀ ನಂಬರು. ನಂಗೆ ಗೊತ್ತಿದ್ರೂ ಹೇಳೂದಿಲ್ಲ. ಡಾಕ್ಟ್ರಾದವ್ರು ಅದ್ನ ಹೇಳೂಕಾಗ ಅಪ್ಪಾ."

ಸೀಟು ಇನ್ನೂ ಸಿಕ್ಕಿರಲಿಲ್ಲ. ಅವಳು ಮಾತ್ರ ಆಗಲೇ ಡಾಕ್ಟರಾಗಿಬಿಟ್ಟಿದ್ದಳು. ನನ್ನ ಹೊಟ್ಟೆಯ ಗುಟ್ಟೂ ಅವಳ ಹತ್ತಿರ ಭದ್ರ ಎಂದು ತಿಳಿದಾಗ, ಇಷ್ಟು ದಿನ ಅವಳಿಂದ ಮುಚ್ಚಿಡಲು ನೋಡಿದ್ದಕ್ಕೆ ಮೊದಲಿಗಿಂತ ಹೆಚ್ಚು ನಾಚಿಕೆಯಾಯಿತು.

ವಾರದೊಳಗೆ ಮೇಡಂ ಸರಕಾರಿ ವೈದ್ಯರನ್ನು ಕೇರಿಗೇ ಕರೆತಂದರು. ಹುಳ ಇದ್ದವರಿಗೆ, ಇಲ್ಲದವರಿಗೆ, ಎಲ್ಲರಿಗೂ ಒಂದೇ ಬಣ್ಣದ ಗುಳಿಗೆ ಕೊಟ್ಟರು. ಹಾಗಾಗಿ ಆ ಮೊಟ್ಟೆ ಯಾರದೆಂದು ಇಂದಿಗೂ ಗೊತ್ತಾಗಿಲ್ಲ. ಬೀರಣ್ಣನದೇ ಇರಬೇಕು ಎಂದು ನಾನು ನಂಬಿದ್ದೇನೆ. ಅವನು ಏನು ನಂಬಿದ್ದಾನೋ, ನಾನು ಕೇಳಲು ಹೋಗಿಲ್ಲ.