ಮೌಸ್‌ಗೂ ಆಯುಧಪೂಜೆ

ಹರಿಹರದ ಗೇಮಿಂಗ್ ಸ್ಪರ್ಧೆಯಲ್ಲಿ ಆಟ ಶುರುವಾಗುವ ಹೊತ್ತಿಗೆ ಮಗಳು ಚೀಲದಿಂದ ತನ್ನ ಮೌಸ್ ತೆಗೆದು ಹಿಡಿದಳು. ಹಿಡಿದವಳೇ ತಿರುಗಿ ನನ್ನನ್ನು ನೋಡಿದಳು.

“ಅಪ್ಪಾಜಿ, ಇದರ ಮೇಲಿದ್ದ ರಬ್ಬರ್ ಎಲ್ಲೈತೆ?”

“ಕೊಳೆ ಆಗಿತ್ತಲ್ಲವ್ವ, ಪೂಜೆಗೆ ಇಡೋದು ಅಂತ ಕಿತ್ತು ಒರೆಸಿದೆ.”

ಹಿಂದಿನ ದಿನ ಆಯುಧಪೂಜೆ. ದಾವಣಗೆರೆ ಮಂಡಿಪೇಟೆಯ ನಮ್ಮ ಅಂಗಡಿಯ ತಕ್ಕಡಿ, ತೂಕದ ಕಲ್ಲುಗಳ ಜೊತೆಗೆ ಅವಳ ಮೌಸನ್ನೂ ಇಟ್ಟು, ವಿಭೂತಿ ಹಚ್ಚಿ, ಹೂವೇರಿಸಿದ್ದೆ. ಕೊಳೆಯಾದ ಮೌಸ್ ಇಟ್ಟರೆ ದೇವರು ಮುನಿದು ಅವಳು ಸೋತಾಳೆಂಬ ಚಿಂತೆ. ಚಿಂತೆಗೆ ನನ್ನಲ್ಲಿ ಯಾವತ್ತೂ ಬರವಿಲ್ಲ. ಪೂಜೆಗಿಟ್ಟದ್ದನ್ನು ನಮ್ಮಲ್ಲಿ ಮರುದಿನದವರೆಗೆ ಮುಟ್ಟುವುದಿಲ್ಲ. ಬೆಳಿಗ್ಗೆ ನಾನೇ ಅದನ್ನು ಚೀಲಕ್ಕೆ ಹಾಕಿದ್ದೆ.

ಆ ಮೌಸ್ ಅವಳ ಕೈಗೆ ದೊಡ್ಡದು, ಹಿಡಿತಕ್ಕೆ ಸಿಗುತ್ತಿರಲಿಲ್ಲ. ಸೈಕಲ್ ಟ್ಯೂಬಿನ ಚೂರುಗಳನ್ನು ಅಂಟಿಸಿ, ಕಿತ್ತು, ಮತ್ತೆ ಅಂಟಿಸಿ, ಸೆಟ್ಟಿಂಗ್‌ನಲ್ಲಿ ಕರ್ಸರ್‌ನ ವೇಗ ತಗ್ಗಿಸಿ, ತಿಂಗಳುಗಟ್ಟಲೆ ಹೊಂದಿಸಿಕೊಂಡ ಮೇಲಷ್ಟೇ ಮಣಿಕಟ್ಟಿನ ನೋವು ನಿಂತಿತ್ತು. ಆ ನೋವಿಗೆ ಎಣ್ಣೆ ತಿಕ್ಕಿದವನೂ ನಾನೇ.

ಸ್ಪರ್ಧೆಯಲ್ಲಿ ರಬ್ಬರಿಲ್ಲದ ಮೌಸ್ ಬೆರಳಿನಿಂದ ಜಾರುತ್ತಲೇ ಇತ್ತು. ಮೊದಲ ಸುತ್ತಿನಲ್ಲೇ ಸೋತಳು. ಬಸ್ಸು ಹಿಡಿದು ದಾವಣಗೆರೆಗೆ ಮರಳಿದೆವು. ಸಂಜೆ ಮನೆಮಂದಿಗೆಲ್ಲ ಬನ್ನಿ ಕೊಡುತ್ತ ಬಂದವಳು ನನ್ನ ಕೈಗೂ ಎಲೆಯಿಟ್ಟು ಕಾಲು ಮುಟ್ಟಿದಳು.

“ಬಂಗಾರದಂಗಿರೋಣ ಅಪ್ಪಾಜಿ. ಮುಂದಿನ ವರ್ಷ ನನ್ನ ಮೌಸ್‌ಗೆ ಪೂಜೆ ಬ್ಯಾಡ.”

ಈಗ ಮತ್ತೆ ಟ್ಯೂಬು ಕತ್ತರಿಸಿ ಅಂಟಿಸುತ್ತಿದ್ದಾಳೆ. ಹಳೆಯ ಹಿಡಿತ ಇನ್ನೂ ಸಿಕ್ಕಿಲ್ಲ, ಮಣಿಕಟ್ಟು ಮತ್ತೆ ನೋಯುತ್ತಿದೆ. ನಾನು ಎಣ್ಣೆಯ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿರುತ್ತೇನೆ. ಅವಳು ಕರೆದರಷ್ಟೇ ಒಳಗೆ ಹೋಗುತ್ತೇನೆ.